ಅಪ್ಪಯ್ಯನ ಉದ್ಯೋಗ

ನಾನು ಏಳನೇ ತರಗತಿಯಲ್ಲಿದ್ದ ಕಾಲದಲ್ಲಿ, ಶಂಕರನಾರಾಯಣದ ಹತ್ತಿರದ ನಮ್ಮ ಶಾಲೆಯಲ್ಲಿ ಯಾರ ಮನೆ ಹೇಗೆ ಎಂದು ತಿಳಿಯಲು ಅರ್ಜಿಯ ಒಂದೇ ಸಾಲು ಸಾಕಿತ್ತು: ತಂದೆಯ ಉದ್ಯೋಗ. ನನ್ನ ಪಕ್ಕ ಕೂರುತ್ತಿದ್ದ ಸುಮಿತ್ರ 'ಹೋಟೆಲ್, ಮುಂಬಯಿ' ಎಂದು ಬರೆದು ಹಾಳೆಯನ್ನು ನನಗೆ ಕಾಣುವಂತೆಯೇ ಇಡುತ್ತಿದ್ದಳು. ನಾನು 'ಬೇಸಾಯ' ಎಂದು ಬರೆದು ಅಂಗೈ ಅಡ್ಡ ಹಿಡಿಯುತ್ತಿದ್ದೆ. ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ, ಸುಳ್ಳೇಕೆ?

ಆ ಮಳೆಗಾಲದಲ್ಲಿ ವಸತಿ ಶಾಲೆಯ ಪರೀಕ್ಷೆಗೆ ಅರ್ಜಿ ಬಂತು. ಇಂಗ್ಲಿಷಿನಲ್ಲಿ ತುಂಬಬೇಕಿತ್ತು. ಇಂಗ್ಲಿಷ್ ಮೇಷ್ಟ್ರ ಮೇಜಿನ ಮೇಲೆ ನುಸಿಗುಳಿಗೆ ವಾಸನೆಯ ದಪ್ಪ ಡಿಕ್ಷನರಿಯೊಂದಿತ್ತು. ರೈತ ಎನ್ನಲು ಸುಮಿತ್ರಳಿಗೆ ಗೊತ್ತಿಲ್ಲದ ಪದ ಬೇಕು ಎಂದು ಹುಡುಕಿದವಳಿಗೆ 'ಹಸ್ಬೆಂಡ್‌ಮನ್' ಸಿಕ್ಕಿತು. ಗಂಡನಿಗೂ ಇದಕ್ಕೂ ಏನು ಸಂಬಂಧವೆಂದು ಮೇಷ್ಟ್ರನ್ನೇ ಕೇಳಿದೆ.

"ಆ ಪದದ ಬೇರು ಮನೆಯ ಯಜಮಾನ ಅಂತ. ಮನೆ, ಗದ್ದೆ, ದನಕರು ನೋಡ್ಕೊಂಡು ಉಳುವವ ಹಸ್ಬೆಂಡ್‌ಮನ್. ಇದ್ದದ್ದನ್ನು ಹಾಳುಮಾಡದೆ ಜೋಪಾನವಾಗಿ ಬಳಸೋದಕ್ಕೂ ಅದೇ ಬೇರಿನ ಪದ ಉಂಟು. ಹಳೇ ಧರ್ಮಗ್ರಂಥ, ಜಮೀನಿನ ಪತ್ರಗಳಲ್ಲಿ ಸಿಕ್ತದೆ. ಈಗ ಯಾರೂ ಬಳಸೋದಿಲ್ಲ," ಎಂದರು ಮೇಷ್ಟ್ರು.

ಕೊನೆಯ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ದುಂಡಗೆ ಬರೆದೆ. ಸುಮಿತ್ರ ಎರಡು ಸಲ ಓದಿ ತನ್ನ ಹಾಳೆಯನ್ನು ಮಗುಚಿ ಇಟ್ಟಳು. ನನಗೆ ಅಷ್ಟೇ ಬೇಕಿತ್ತು.

ಎರಡು ವಾರಕ್ಕೆ ಅರ್ಜಿ ವಾಪಸು ಬಂತು. ವರಮಾನ ಪತ್ರದಲ್ಲಿ ಬೇಸಾಯ ಎಂದಿದೆ, ಇಲ್ಲಿರುವ ಪದ ತಿಳಿಯುತ್ತಿಲ್ಲ, ತಂದೆಯೇ ಕುಂದಾಪುರದ ಕಚೇರಿಗೆ ಬಂದು ತಿದ್ದಿ ಸಹಿ ಹಾಕಬೇಕು, ನಾಳೆಯೇ ಕೊನೆಯ ದಿನ ಎಂದು ಚೀಟಿ ಹಚ್ಚಿದ್ದರು.

ನಾಳೆ ನಮ್ಮ ಗದ್ದೆಯ ನಟ್ಟಿ. ಆಗ ನಮ್ಮಲ್ಲಿ ಮುಯ್ಯಾಳಿನ ಪದ್ಧತಿ: ಇವತ್ತು ಅವರ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ಅವರು. ನಮ್ಮ ಸರದಿ ತಪ್ಪಿದರೆ ಮತ್ತೆ ಹತ್ತು ದಿನ ಯಾರೂ ಇಲ್ಲ. ಅಗೆ, ಅಂದರೆ ಭತ್ತದ ಸಸಿ, ಆಗಲೇ ಕಿತ್ತು ಕಟ್ಟಿಟ್ಟಾಗಿತ್ತು. ಕೋಣ ಹೂಡಿ ಗದ್ದೆ ಹದ ಮಾಡಲು ಮನೆಯಲ್ಲಿದ್ದವರು ಅಪ್ಪಯ್ಯ ಒಬ್ಬರೇ.

ಅಪ್ಪಯ್ಯ ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಬೆಳಕು ಹರಿಯುವ ಮೊದಲೇ ಕೋಣ ಕಟ್ಟಿ, ಆದಷ್ಟು ಉತ್ತು, ಕಾಲಿನ ಕೆಸರು ಪೂರ್ತಿ ತೊಳೆಯದೆ ಎಂಟರ ಬಸ್ಸು ಹತ್ತಿದರು. ತೋಡಿನ ಬದಿಯ ಮೂಲೆಗದ್ದೆಯೊಂದು ಉಳಿಯಿತು.

ಮಳೆಗೆ ಎಲೆಯ ಗೊರಬು ಹೊತ್ತ ಹೆಂಗಸರು ಬಂದು ಅಂಚಿನ ಮೇಲೆ ನಿಂತರು. ಮೊದಲ ಅಗೆ ಮನೆಯ ಯಜಮಾನ ನೆಡಬೇಕು, ಆಮೇಲೆ ಉಳಿದವರು. ನೆರೆಮನೆಯ ಗಿರಿಜಕ್ಕ ನನ್ನನ್ನು ನೋಡಿದರು.

"ಹ್ವಾಯ್, ಅಪ್ಪಯ್ಯ ಎಲ್ಲಿಗ್ ಹೋಯ್ರ್?"

ಹೇಳಿದೆ. ಪದವನ್ನೂ ಹೇಳಿದೆ.

"ಅಷ್ಟ್ ದೊಡ್ಡ ಇಂಗ್ಲಿಷ್ ಬರ್ದವ್ಳಿಗೆ ಅಗೆ ಹಿಡೂಕ್ ಬತ್ತಿಲ್ಯಾ? ಇಳಿ ಕಾಂಬ."

ಎಲ್ಲರೂ ನಕ್ಕರು. ಇಳಿದೆ. ಮೊಣಕಾಲಿನವರೆಗೆ ತಣ್ಣನೆಯ ಕೆಸರು. ನಾನು ನೆಟ್ಟ ಮೊದಲ ಹಿಡಿ ವಾಲಿ ಬಿತ್ತು. ಗಿರಿಜಕ್ಕ ನನ್ನ ಹೆಬ್ಬೆರಳನ್ನೇ ಹಿಡಿದು ಬೇರನ್ನು ಒಳಗೆ ಒತ್ತಿಸಿದರು. ಮಧ್ಯಾಹ್ನ ಅಮ್ಮ ತಂದ ಗಂಜಿ, ಶೆಟ್ಲಿ ಎಂಬ ಒಣ ಸಿಗಡಿಯ ಚಟ್ನಿ ಉಂಡೆವು. ಬಗ್ಗಿ ಬಗ್ಗಿ ಸೊಂಟ ಕುಳಿತರೂ ನೋಯುತ್ತಿತ್ತು.

ಮೂರು ಗಂಟೆಗೆ ಅಪ್ಪಯ್ಯ ಬಂದರು. ಪಂಚೆ ಎತ್ತಿಕಟ್ಟಿ ಗದ್ದೆಗೆ ಇಳಿಯುತ್ತಾ ಕೇಳಿದರು:

"ಆ ಶಬ್ದಕ್ಕೆ ಅರ್ಥ ಎಂತ ಮಗಾ?"

"ಬೇಸಾಯ ಮಾಡುವವ್ರ್. ಹಳೇ ಶಬ್ದ ಅಂಬ್ರ್, ಈಗ ಯಾರೂ ಬಳ್ಸುದಿಲ್ಲ."

"ಶಬ್ದ ಬಳ್ಸದಿದ್ರೆ ಅಡ್ಡಿಲ್ಲ. ಗದ್ದಿ ಬಳ್ಸಿರೆ ಸಾಕ್," ಎಂದು ಅಗೆಯ ಕಟ್ಟು ಬಿಚ್ಚಿದರು.

ಮೂಲೆಗದ್ದೆಯನ್ನು ನಾಲ್ಕು ದಿನ ತಡವಾಗಿ ನಾವು ಮೂವರೇ ನೆಟ್ಟೆವು. ಅಗೆ ಹಳದಿಗಟ್ಟಿತ್ತು. ಕೊಯ್ಲಿನವರೆಗೂ ಆ ಮೂಲೆ ಮಾತ್ರ ತೆಳ್ಳಗೇ ಉಳಿಯಿತು, ಶಾಲೆಗೆ ಹೋಗುವಾಗ ಬರುವಾಗ ನನಗೆ ಅದೇ ಕಣ್ಣಿಗೆ ಬೀಳುತ್ತಿತ್ತು. ಇಷ್ಟೆಲ್ಲ ಆಗಿ ಪರೀಕ್ಷೆಯಲ್ಲಿ ನಾನು ಪಾಸಾಗಲಿಲ್ಲ. ಸುಮಿತ್ರ ಆದಳು.

ಹದಿನೈದು ವರ್ಷಗಳ ಮೇಲೆ, ಅಪ್ಪಯ್ಯನ ಬ್ಯಾಂಕಿನ ಅರ್ಜಿ ತುಂಬಲು ಕುಳಿತಿದ್ದೆ. ಅಷ್ಟರಲ್ಲಿ ಮುಯ್ಯಾಳು ನಿಂತು ಹೋಗಿತ್ತು. ಗಿರಿಜಕ್ಕನಿಗೆ ಮಂಡಿನೋವು, ಅವರ ಗದ್ದೆಯಲ್ಲಿ ಹುಲ್ಲು. ಉಳಿದವರ ಮನೆಯಲ್ಲಿ ಕೆಸರಿಗೆ ಇಳಿಯುವವರಿಲ್ಲ. ನಮ್ಮ ಕೋಣ ಕೊಟ್ಟಾಗಿತ್ತು. ಸುತ್ತಲಿನ ಗದ್ದೆಗಳೆಲ್ಲ ಬೆಳೆಯಿಲ್ಲದೆ ಹಡಿಲು ಬಿದ್ದ ಮೇಲೆ ನಡುವೆ ನಮ್ಮದೊಂದು ಬೆಳೆದರೆ ನವಿಲಿಗೂ ಹಂದಿಗೂ ಊಟ.

"ಉದ್ಯೋಗ ಕೃಷಿ ಅಂತ ಬರಿತೆ," ಎಂದೆ.

"ಬ್ಯಾಡ. ಗದ್ದಿಗೆ ಇಳೀದೆ ಮೂರ್ ವರ್ಷ ಆಯ್ತ್. ಸುಳ್ ಬರಿಯೂಕಾಗ."

"ಮತ್ತೆಂತ ಬರೀಲಿ?"

ಅಪ್ಪಯ್ಯ ಅರ್ಜಿಯ ಆ ಸಾಲಿನ ಮೇಲೆ ಬೆರಳಿಟ್ಟರು.

"ಅವತ್ ಬರ್ದಿದ್ಯಲ, ಯಾರೂ ಬಳ್ಸದ್ ಶಬ್ದ. ಅದನ್ನೇ ಬರಿ."

ನನಗೆ ಅಳು ಬಂತು. ಆದರೂ ಬರೆದೆ, ಅದೇ ದುಂಡಗಿನ ಅಕ್ಷರದಲ್ಲಿ. ಈ ಸಲ ಅರ್ಜಿ ವಾಪಸು ಬರಲಿಲ್ಲ. ಯಾರೂ ಆ ಸಾಲು ಓದಿರಲಿಕ್ಕಿಲ್ಲ.