ಕಾಶೆವ್ವ ಕೊಟ್ಟ ಮಾತು

ನನ್ನ ಅಣ್ಣ ಮುರಿಗೆಪ್ಪ ಹುಕ್ಕೇರಿಯ ಒಂದು ಖಾಸಗಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ. ಸೂಜಿ ಹಾಕುವುದರಲ್ಲಿ ಅವನ ಕೈ ಹಗುರ ಎಂದು ಬೆಲ್ಲದ ಬಾಗೇವಾಡಿಯಿಂದಲೂ ಜನ ಬರುತ್ತಿದ್ದರು. ಮೂತ್ರದ ಕಲ್ಲಿನ ನೋವಿಗೆಂದು ಅವನಿಗೊಮ್ಮೆ ಡಾಕ್ಟರರು ಮಾರ್ಫಿನ್ ಚುಚ್ಚಿದರು. ಕಲ್ಲು ಬಿದ್ದುಹೋಯಿತು, ಚಟ ಉಳಿಯಿತು. ಮೂರು ವರ್ಷ ದವಾಖಾನೆಯ ಕಪಾಟಿನಿಂದ ಮಾರ್ಫಿನ್ ಗುಳಿಗೆ ಕದ್ದು, ಚಮಚದಲ್ಲಿ ಕರಗಿಸಿ, ಎಡಗೈಗೆ ತಾನೇ ಚುಚ್ಚಿಕೊಂಡ. ರೋಗಿಗಳ ಸೂಜಿಯನ್ನು ತಪ್ಪದೆ ಕುದಿಸುವವನು ತನ್ನದನ್ನು ಧೋತರದ ಚುಂಗಿಗೆ ಒರೆಸಿಕೊಳ್ಳುತ್ತಿದ್ದ. ಅಂಥ ಜಾಣ.

೧೯೩೪ರ ಬೇಸಿಗೆಯಲ್ಲಿ ಆ ಕೈ ಬಾತುಕೊಂಡು ಕೀವಾಯಿತು. ಬೆರಳು ಕಪ್ಪಾದವು. ಪಕ್ಕದಲ್ಲಿ ಕೂತು ಉಣ್ಣಲಾಗದಷ್ಟು ನಾತ. ಅತ್ತಿಗೆ ಕಾಶೆವ್ವನೂ ನಾನೂ ಅವನನ್ನು ಬೆಳಗಾವಿಯ ಆಸ್ಪತ್ರೆಗೆ ಒಯ್ದೆವು.

"ಸಂಜೀ ಒಳಗ ಈ ಕೈ ತಗೀಬೇಕು," ಎಂದರು ಅಲ್ಲಿನ ಡಾಕ್ಟರರು. "ಇಲ್ಲಾಂದ್ರ ನಂಜು ಮೈಗೆಲ್ಲಾ ಏರತೈತಿ, ಮನಷ್ಯಾ ಉಳಿಯೂದಿಲ್ಲ."

ಅಣ್ಣ ಒಪ್ಪಲಿಲ್ಲ. ಎಡ ಅಂಗೈ ಲಿಂಗವಿಟ್ಟು ಪೂಜಿಸುವ ಜಾಗ, ಅದನ್ನು ಕಡಿಸಲಾರೆ ಎಂದು ಅತ್ತ. ಕಾಶೆವ್ವ ತನ್ನ ಎಡಗೈ ಚಾಚಿದಳು.

"ನನ್ನ ಅಂಗೈ ಮ್ಯಾಲ ಇಡ್ರಿ. ನೀವು ಬಲಗೈಲೆ ಪೂಜಿ ಮಾಡ್ರಿ," ಎಂದಳು.

ಅಣ್ಣನ ಅಳು ಅಲ್ಲಿಗೇ ನಿಂತಿತು.

"ಒಂದ ಕೈಲೆ ಸೂಜಿ ತುಂಬಾಕ ಬರೂದಿಲ್ಲ. ಅದನ್ನೂ ನೀನ ಹಾಕತೀಯೇನು?"

ಅವಳು ನನ್ನ ಮುಖ ನೋಡಿದಳು. "ಹೂಂ ಅನ್ರಿ ವೈನಿ, ಮೊದಲ ಜೀವ ಉಳೀಲಿ," ಎಂದೆ. ಗುಣವಾದ ಮೇಲೆ ಯಾರು ಕೇಳುತ್ತಾರೆ ಎಂದುಕೊಂಡಿದ್ದೆ. ಅಣ್ಣ ನನ್ನಷ್ಟು ದಡ್ಡನಲ್ಲ. ಕೊರಳಲ್ಲಿದ್ದ ಲಿಂಗವನ್ನು ಬಿಚ್ಚಿಸಿ, ಅವಳ ಅಂಗೈಯಲ್ಲಿಟ್ಟು ಆಣೆ ಮಾಡಿಸಿಕೊಂಡ. ಆಮೇಲೆಯೇ ಕೈ ಕಡಿದರು.

ಊರಿಗೆ ಬಂದ ಮೇಲೆ ಅವನ ಸೂಜಿ ಹಾಕುವ ಪಿಚಕಾರಿಯನ್ನು ಒಡೆದುಹಾಕಲು ಹೋದೆ. ಕಾಶೆವ್ವ ಕಸಿದುಕೊಂಡಳು.

"ಲಿಂಗ ಮುಟ್ಟಿ ಆಣಿ ಮಾಡೇನಿ, ಸೋಮಪ್ಪ."

ಕದ್ದ ಗುಳಿಗೆಗಳನ್ನು ಅಣ್ಣ ಟ್ರಂಕಿನಲ್ಲಿ ಬೇಕಾದಷ್ಟು ಕೂಡಿಟ್ಟಿದ್ದ. ದಿನಾ ಬೆಳಿಗ್ಗೆ ಅವಳು ಅಂಗೈ ಚಾಚಿ ಪೂಜೆ ಮಾಡಿಸುವಳು, ಅದು ಮುಗಿದ ಕೂಡಲೇ ಅವನ ತೊಡೆಗೆ ಚುಚ್ಚುವಳು. ಸೂಜಿ ಕುದಿಯುವವರೆಗೆ ಕಾಯುವ ತಾಳ್ಮೆ ಅವನಿಗಿಲ್ಲ. ತಡವಾದರೆ ಉಳಿದ ಕೈಯಿಂದ ಅವಳ ಕಪಾಳಕ್ಕೆ ಬಾರಿಸುತ್ತಿದ್ದ. ಅವನು ನನ್ನ ಒಡಹುಟ್ಟಿದವನೆಂದು ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ಏಳನೆಯ ತಿಂಗಳಿಗೆ ತೊಡೆ ಕೊಳೆಯಿತು, ಚಳಿಜ್ವರ ಹಿಡಿಯಿತು. ಮತ್ತೆ ಅದೇ ಆಸ್ಪತ್ರೆಗೆ ಒಯ್ದೆವು. ನಂಜು ಆಗಲೇ ರಕ್ತಕ್ಕೆ ಸೇರಿತ್ತು, ಕಡಿದು ಉಳಿಸುವಂಥದ್ದು ಏನೂ ಇರಲಿಲ್ಲ. ಮರುದಿನ ಮಧ್ಯಾಹ್ನ ಜೀವ ಹೋಯಿತು. ಡಾಕ್ಟರರು ತೊಡೆಯ ಮೇಲಿನ ತೂತುಗಳನ್ನು ನೋಡಿ, ಸೂಜಿ ಹಾಕಿದವರು ಯಾರು ಎಂದು ಕೇಳಿದರು.

"ನಾನ್ರಿ," ಎಂದಳು ಕಾಶೆವ್ವ.

"ಗಂಡನ್ನ ನೀನ ಕೊಂದಿ," ಎಂದರು ಅವರು, ನಾಲ್ಕು ಜನರ ಎದುರಿಗೆ.

"ಹೌದ್ರಿ."

ಹೂಂ ಅನ್ನಿಸಿದವನು ನಾನೆಂದು ಹೇಳಿಬಿಡುವಳೇನೋ ಎಂದು ನಾನು ಬಾಗಿಲ ಕಡೆಗೆ ಸರಿದೆ. ಅವಳು ನನ್ನತ್ತ ತಿರುಗಿಯೂ ನೋಡಲಿಲ್ಲ. ಸದ್ಯ ಹೇಳಲಿಲ್ಲವಲ್ಲ ಎಂದು ನನಗೆ ಸಮಾಧಾನವಾಯಿತು.