ಮೊದಲು ಕಾಪಿ
ಸವಳಂಗ ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಶಿವಯೋಗಿಗೆ ಗಿರಾಕಿಯ ಮುಖಕ್ಕಿಂತ ಮೆಮೊರಿ ಕಾರ್ಡೇ ಮೊದಲು ಕಾಣುತ್ತದೆ. "ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳ್ತೈತೆ ಕಣಪ್ಪಾ" ಎಂದು ಭದ್ರಾವತಿಯಿಂದ ಬಸ್ಸು ಹತ್ತಿ ಬಂದ ಉಚ್ಚಂಗಮ್ಮ ಫೋನು ಚಾಚಿದರೆ, ಕೆಂಡದಿಂದ ಮಗುವಿನ ಕೈ ಸರಿಸುವಂತೆ ಆಕೆಯ ಬೆರಳು ಸರಿಸುತ್ತಾನೆ. "ಅದು ಕೇಳುತ್ತೆ, ನೀವು ಒತ್ತಬೇಡಿ, ಎಲ್ಲಾ ಅಳಿಸಿಹೋಗುತ್ತೆ. ಮೊದಲು ಕಾಪಿ, ಆಮೇಲೆ ರಿಪೇರಿ." ಕಾರ್ಡಿನ ಚಿನ್ನದ ಬಣ್ಣದ ಪಟ್ಟಿಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ರೀಡರಿಗೆ ಹಾಕಿ, ಇದ್ದುದನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಳ್ಳುವವರೆಗೆ ಉಸಿರನ್ನೂ ಜೋರಾಗಿ ಬಿಡುವುದಿಲ್ಲ. ಕಾರ್ಡಿನಲ್ಲಿದ್ದ ಉಚ್ಚಂಗಮ್ಮನ ತೀರಿಹೋದ ಗಂಡ ಸ್ಪೀಕರಿನಲ್ಲಿ ಕೆಮ್ಮಿ "ಊಟ ಆಯ್ತೇನೇ" ಎಂದಾಗ ಆಕೆ ಸೆರಗು ಸರಿಮಾಡಿಕೊಳ್ಳುತ್ತಾಳೆ. ಇವನು ತಲೆ ಎತ್ತುವುದಿಲ್ಲ. ಮಧ್ಯಾಹ್ನ ಅಂಗಡಿ ಖಾಲಿಯಾದ ಮೇಲೆ ವಿಭೂತಿ ಡಬ್ಬಿಯಿಂದ ಇನ್ನೊಂದು ಕಾರ್ಡು ತೆಗೆಯುತ್ತಾನೆ. ಅದು ತೀರಿಕೊಂಡ ಹೆಂಡತಿ ತನುಜಾಳದು. ಒಮ್ಮೆ ಅವಸರದಲ್ಲಿ ಫಾರ್ಮ್ಯಾಟ್ ಒತ್ತಿದವನು ತಾನೇ. ಎಷ್ಟು ಹುಡುಕಿದರೂ ಮರಳಿ ಸಿಕ್ಕಿದ್ದು ಒಂದೇ ಫೋಟೊ: ಗಾಜನೂರಿನಲ್ಲಿ ಡ್ಯಾಮಿನ ನೀರು ನೋಡುತ್ತ ನಿಂತ ಅವಳು. ಹೋದ ವರ್ಷ ಅದರಲ್ಲಿ ಅವಳ ಬೆನ್ನಷ್ಟೇ ಕಾಣುತ್ತಿತ್ತು. ಯುಗಾದಿಯ ಹೊತ್ತಿಗೆ ಕಿವಿಯ ಓಲೆ ಕಂಡಿತು, ಈ ವಾರ ಕೆನ್ನೆ. ಊರಿಗೆಲ್ಲ ಮೊದಲು ಕಾಪಿ ಎನ್ನುವವನು ಅದೊಂದನ್ನು ಮಾತ್ರ ಕಾಪಿ ಮಾಡಿಟ್ಟಿಲ್ಲ. ಮಾಡಿದರೆ ಅವಳು ತಿರುಗುವುದನ್ನು ಅಷ್ಟಕ್ಕೇ ನಿಲ್ಲಿಸಿಬಿಟ್ಟಾಳೆಂದು ಅವನಿಗೆ ಹೆದರಿಕೆ.