ಹಿತ್ತಲಿಗೆ ಬಂದ ಊರ ನೀರು

ಟೈಲರಕ್ಕನ ಮನೆ ಊರಿನ ಇಳಿಜಾರು ಮುಗಿಯುವ ಕಡೆ. ಮೇಲಿನ ಬೀದಿಗಳಲ್ಲಿ ಯಾರು ಸ್ನಾನ ಮಾಡಿದರೂ, ಬಟ್ಟೆ ಒಗೆದರೂ, ಆ ನೀರೆಲ್ಲ ಚರಂಡಿ ಹಿಡಿದು ಅವಳ ಹಿತ್ತಲ ಬೇಲಿಯಾಚೆ ಬಂದು ಕೊಳೆಯುತ್ತಿತ್ತು. ಅಳತೆ ಕೊಡಲು ಬಂದವರು ಮೂಗು ಮುಚ್ಚಿಕೊಂಡೇ ನಿಲ್ಲುತ್ತಿದ್ದರು. "ಕೈ ಇಳಿಸ್ರೀ, ತೋಳು ಗಿಡ್ಡ ಆಗುತ್ತೆ" ಅಂತ ಅವಳು ನಗುತ್ತಲೇ ಟೇಪು ಹಿಡಿಯುತ್ತಿದ್ದಳು.

ಹೀಗಿರುವಾಗ ಈ ನೀರಿಗೊಂದು ದಾರಿ ಹೇಳಲು ಊರ ಸಭೆಗೆ ಒಬ್ಬ ಎಂಜಿನಿಯರಮ್ಮ ಬಂದರು. ಕೊಳಚೆ ನೀರು ಮೊದಲು ಒಂದು ತೊಟ್ಟಿಯಲ್ಲಿ ನಿಂತು ರಾಡಿ ತಳಕ್ಕಿಳಿಯಬೇಕು, ಆಮೇಲೆ ಜೊಂಡು ನೆಟ್ಟ ಜಲ್ಲಿಯ ಹಾಸಿನಲ್ಲಿ ನಿಧಾನವಾಗಿ ಹರಿಯಬೇಕು; ಕಲ್ಲಿಗೂ ಬೇರಿಗೂ ಅಂಟಿಕೊಂಡ ಕಣ್ಣಿಗೆ ಕಾಣದ ಜೀವಿಗಳು ಕೊಳೆಯನ್ನು ತಿಂದುಹಾಕುತ್ತವೆ ಎಂದು ವಿವರಿಸಿದರು. ಎಲ್ಲರೂ ತಲೆದೂಗಿದರು. ಜಾಗ ಎಲ್ಲಿ ಅಂದಾಗ ಎಲ್ಲರೂ ನೆಲ ನೋಡಿದರು.

"ನಮ್ಮ ಹಿತ್ತಲಲ್ಲೇ ಮಾಡಿ" ಎಂದು ಟೈಲರಕ್ಕ ಎದ್ದು ನಿಂತಳು.

ಮನೆಗೆ ಬಂದಕೂಡಲೇ ಅತ್ತೆ ಹಿಡಿದುಕೊಂಡರು. "ಇರೋ ನಾತ ಸಾಲದು ಅಂತ ಒಳಗೇ ಕರ್ಕೊಂಡು ಬರ್ತೀಯಾ?"

"ಅದು ಕರೆಯದೇನೇ ಬಂದು ಕೂತಿದೆಯಲ್ಲ ಅತ್ತೆ. ಇನ್ನಾದ್ರೂ ಒಂದು ಕೆಲಸ ಕೊಡೋಣ."

ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು. ಹೇಳಲೇಬೇಕಾದ್ದನ್ನು ಹೊಲಿಗೆ ಮಷೀನಿನ ಕಡೆ ತಿರುಗಿ ಹೇಳುತ್ತಿದ್ದರು.

ಗಾರೆ ಕೆಲಸದ ಮೈದುನ ತೊಟ್ಟಿ ಕಟ್ಟಿದ. ನೀರು ಇಂಗದಂತೆ ಹಾಸಿನ ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆಗಳು ಬಂದಾಗ, ಅವನ್ನು ಜೋಡಿಸಲು ಟೈಲರಕ್ಕ ಉತ್ಸಾಹದಿಂದ ಸೂಜಿ ತಂದಳು. "ಅಯ್ಯೋ ಅಕ್ಕ, ಒಂದೊಂದು ಹೊಲಿಗೆಗೂ ಒಂದೊಂದು ತೂತು ಬೀಳುತ್ತೆ. ಇದನ್ನ ಬಿಸಿ ಮಾಡಿ ಅಂಟಿಸ್ಬೇಕು" ಎಂದು ಎಂಜಿನಿಯರಮ್ಮ ನಕ್ಕರು. ಬೀದಿಯವರೆಲ್ಲ ಬುಟ್ಟಿ ಹೊತ್ತು ಬಂದು ಜಲ್ಲಿ ತೊಳೆದು ತುಂಬಿದರು, ಜೊಂಡು ನೆಟ್ಟರು.

ನೀರು ಬಿಡುವ ದಿನ ಕೊನೆಯ ಪೈಪಿನ ಮುಂದೆ ಜನ ಕಿಕ್ಕಿರಿದರು. ತೊಟ್ಟಿ ತುಂಬಿತು, ಹಾಸೂ ತುಂಬಿತು, ಪೈಪಿನಿಂದ ಮಾತ್ರ ಒಂದು ಹನಿ ಇಲ್ಲ. ಎಂಜಿನಿಯರಮ್ಮ ಮಟ್ಟ ಹಿಡಿದು ನೋಡಿ, "ಪೈಪಲ್ಲೇ ಏನೋ ಕಟ್ಟಿಕೊಂಡಿದೆ" ಎಂದರು. ಮೈದುನನ ಮುಖ ಪೆಚ್ಚಾಯಿತು. ಟೈಲರಕ್ಕ ರವಿಕೆಯ ತೋಳು ಮೇಲಕ್ಕೆ ಮಡಚಿ, ಪೈಪಿನೊಳಗೆ ಹೆಗಲವರೆಗೂ ಕೈ ತೂರಿಸಿದಳು. ಬೆರಳಿಗೆ ಬಟ್ಟೆ ಸಿಕ್ಕಿತು. ಬಟ್ಟೆ ಅವಳಿಗೆ ಹೊಸದೇ? ಒಂದೇ ಸಲ ಜಗ್ಗಿದಳು.

ನೀರು ಭುಸ್ಸೆಂದು ನುಗ್ಗಿ ಅವಳನ್ನು ತಲೆಯಿಂದ ಕಾಲವರೆಗೆ ತೋಯಿಸಿತು.

"ಅತ್ತಿಗೆ, ಅದು ನನ್ನ ಟವೆಲ್ಲು" ಎಂದ ಮೈದುನ ಮೆಲ್ಲಗೆ. ಜಲ್ಲಿ ಬೀಳದಿರಲಿ ಅಂತ ತುರುಕಿ ಮರೆತಿದ್ದ. ಜನ ಹೊಟ್ಟೆ ಹಿಡಿದು ನಕ್ಕರು. ಅತ್ತೆಯೂ ನಗು ತಡೆಯಲಾರದೆ, "ಹೋಗೇ, ಮೊದ್ಲು ಸ್ನಾನ ಮಾಡು" ಎಂದು ಸೊಸೆಗೇ ನೇರವಾಗಿ ಹೇಳಿಬಿಟ್ಟರು.

ಬಂದ ನೀರು ಮಾತ್ರ ಕಂದು ಬಣ್ಣದ್ದು, ವಾಸನೆಯದ್ದು. ಬೇರು ಹಿಡಿಯುವವರೆಗೆ ಕಾಯಬೇಕು ಎಂದರು ಎಂಜಿನಿಯರಮ್ಮ. ಟೈಲರಕ್ಕನಿಗೆ ಕಾಯುವುದೇ ಕಷ್ಟ. ಬೆಳಗಾದರೆ ಗಾಜಿನ ಲೋಟದಲ್ಲಿ ನೀರು ಹಿಡಿದು ಕಿಟಕಿಯ ಬೆಳಕಿಗೆ ಒಡ್ಡುವಳು. "ಟೀ ಚೆನ್ನಾಗಿ ಕುದ್ದಿದೆಯಲ್ಲ" ಎಂದು ಪಕ್ಕದ ಮನೆಯವಳು ಕಾಲೆಳೆಯುವಳು. ಜೊಂಡು ಮೊಣಕಾಲು ದಾಟಿತು, ಸೊಂಟಕ್ಕೆ ಬಂತು. ಲೋಟದ ಬಣ್ಣ ತಿಳಿಯಾಗುತ್ತಾ ಬಂತು. ಒಂದು ಬೆಳಿಗ್ಗೆ ಲೋಟದ ಹಿಂದೆ ಹಿಡಿದ ಟೇಪಿನ ಅಂಕಿಗಳು ನೀರಿನ ಮೂಲಕ ಸ್ಪಷ್ಟವಾಗಿ ಕಂಡವು. ಮೂಸಿದಳು. ವಾಸನೆಯೇ ಇಲ್ಲ.

ಟೈಲರಕ್ಕ ಬರಿಗಾಲಲ್ಲಿ ಲೋಟ ಹಿಡಿದು ಮೇಲಿನ ಬೀದಿಗೆ ಓಡಿದಳು. ಬಾಗಿಲು ಬಾಗಿಲಿಗೂ ನಿಂತು, "ನೋಡಿ, ಇದು ನಿಮ್ಮನೆ ನೀರು" ಎಂದು ತೋರಿಸಿದಳು.

"ಕುಡೀಬಹುದಾ?" ಎಂದ ಕ್ಷೌರದವನು.

"ಕುಡಿಯೋಕಲ್ಲ ಮಾರಾಯ, ಮರಕ್ಕೆ."

ಪರೀಕ್ಷೆ ಮಾಡಿಸಿ ಎಂಜಿನಿಯರಮ್ಮನೂ ಅದನ್ನೇ ಹೇಳಿದರು. ಈಗ ಆ ನೀರು ಊರಾಚೆಯ ಹಣ್ಣಿನ ಗಿಡಗಳಿಗೆ ಹೋಗುತ್ತದೆ. ಟೈಲರಕ್ಕ ದಿನಾ ತೊಟ್ಟಿಯ ಬಾಯಿಯ ಜಾಲರಿಯಲ್ಲಿ ಸಿಕ್ಕ ಕಸ ತೆಗೆದು, ಕೈ ತೊಳೆದು ಮಷೀನಿಗೆ ಕೂರುತ್ತಾಳೆ. ಪಕ್ಕದೂರಿನವರು ನೋಡಲು ಬಂದರೆ ಅತ್ತೆಯೇ ಮುಂದೆ ನಿಂತು ಜೊಂಡು, ಜಲ್ಲಿ, ತೊಟ್ಟಿ ಎಲ್ಲ ತೋರಿಸುತ್ತಾರೆ. ಮೊನ್ನೆಯೂ ಹಾಗೇ, "ಜಾಗ ಕೊಡೋಣ ಅಂತ ಮೊದ್ಲು ಹೇಳಿದ್ದೇ ನಾನು" ಎನ್ನುತ್ತಿದ್ದರು. ಒಳಗೆ ಟೈಲರಕ್ಕನ ತುಟಿಗಳ ನಡುವೆ ಗುಂಡುಸೂಜಿಗಳಿದ್ದವು. ಕಣ್ಣಲ್ಲೇ ನಕ್ಕು, ಹೊಲಿಗೆ ಮುಂದುವರಿಸಿದಳು.